ವೇಷ ಕಳಚಿದರೆ ಜೀವ ಹೋಗುತ್ತೆ: ‘ಸಮ್ ಲೈಕ್ ಇಟ್ ಹಾಟ್’ ನಗುವಿನ ಹಿಂದಿನ ಇತಿಹಾಸ

ಇವತ್ತು ಒಂದು ಹಾಸ್ಯ ಸಿನಿಮಾದ ಇತಿಹಾಸ ನೋಡೋಣ. ಹಾಸ್ಯ ಸಿನಿಮಾಕ್ಕೆ ಇತಿಹಾಸ ಏನಿರುತ್ತೆ, ನೋಡಿದ್ವಿ, ನಕ್ಕಿದ್ವಿ, ಮುಗೀತು ಅಂತ ನೀವು ಅನ್ನಬಹುದು. ಆದ್ರೆ ಈ ಸಿನಿಮಾದಲ್ಲಿ ಒಂದು ವಿಚಿತ್ರ ಇದೆ. 2000ದಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅಮೆರಿಕದ ನೂರು ಅತ್ಯುತ್ತಮ ಹಾಸ್ಯಚಿತ್ರಗಳ ಪಟ್ಟಿ ಮಾಡಿದಾಗ ಇದು ಮೊದಲನೇ ಸ್ಥಾನದಲ್ಲಿತ್ತು. 2017ರಲ್ಲಿ ಬಿಬಿಸಿ 52 ದೇಶಗಳ 253 ವಿಮರ್ಶಕರನ್ನು ಕೇಳಿದಾಗಲೂ ಇದೇ ಮೊದಲು. ಇಷ್ಟು ನಗಿಸೋ ಸಿನಿಮಾ ಶುರುವಾಗೋದು ಒಂದು ಶವಪೆಟ್ಟಿಗೆಯಿಂದ. ಅದಾಗಿ ಸ್ವಲ್ಪ ಹೊತ್ತಿಗೆ ಒಂದು ಗ್ಯಾರೇಜಿನಲ್ಲಿ ಜನರನ್ನು ಗೋಡೆಗೆ ನಿಲ್ಲಿಸಿ ಮಷಿನ್ ಗನ್ನಿನಿಂದ ಕೊಲ್ತಾರೆ.

1959ರ ಮಾರ್ಚಿನಲ್ಲಿ ಬಿಡುಗಡೆಯಾದ ‘ಸಮ್ ಲೈಕ್ ಇಟ್ ಹಾಟ್’ ಬಗ್ಗೆ ನಾನು ಹೇಳ್ತಿರೋದು. ನಿರ್ದೇಶಕ ಬಿಲ್ಲಿ ವೈಲ್ಡರ್. ಟೋನಿ ಕರ್ಟಿಸ್, ಜ್ಯಾಕ್ ಲೆಮನ್, ಮರ್ಲಿನ್ ಮನ್ರೋ ನಟಿಸಿದ್ದಾರೆ. ನೋಡದೇ ಇದ್ದವರಿಗೆ ಕತೆ ಎರಡು ಮಾತಲ್ಲಿ: ಜೋ ಮತ್ತು ಜೆರ್ರಿ ಶಿಕಾಗೋದ ಇಬ್ಬರು ಬಡ ವಾದ್ಯಗಾರರು. ಒಂದು ಕೊಲೆಯನ್ನು ಕಣ್ಣಾರೆ ನೋಡಿಬಿಡ್ತಾರೆ. ಗ್ಯಾಂಗ್‌ಸ್ಟರ್‌ಗಳಿಂದ ತಪ್ಪಿಸಿಕೊಳ್ಳೋಕೆ ಸೀರೆ ಉಡೋ ಬದಲು ಅಲ್ಲಿಯ ಪ್ರಕಾರ ಸ್ಕರ್ಟು, ವಿಗ್ಗು, ಹೈ ಹೀಲ್ಡ್ ಚಪ್ಪಲಿ ಹಾಕಿಕೊಂಡು ಜೋಸೆಫಿನ್, ಡಾಫ್ನಿ ಅನ್ನೋ ಹೆಸರಲ್ಲಿ ಹೆಂಗಸರ ಬ್ಯಾಂಡ್ ಸೇರಿ ರೈಲು ಹತ್ತಿ ಫ್ಲೋರಿಡಾಕ್ಕೆ ಹೊರಡ್ತಾರೆ. ಮುಂದಿನದ್ದೆಲ್ಲ ಫಜೀತಿ.

ಈಗ ಪ್ರಶ್ನೆ. ಗಂಡಸರು ಹೆಣ್ಣುವೇಷ ಹಾಕೋ ಕಾಮಿಡಿ ಜಗತ್ತಲ್ಲಿ ಸಾವಿರ ಇವೆ. ಅವುಗಳಲ್ಲಿ ಹೆಚ್ಚಿನವು ಹತ್ತು ವರ್ಷಕ್ಕೇ ಹಳಸಿಹೋಗ್ತವೆ. ಇದು ಯಾಕೆ ಹಳಸಲಿಲ್ಲ? ನನ್ನ ಉತ್ತರ ಇಷ್ಟು: ಇದನ್ನು ಮಾಡಿದವರಿಗೆ ವೇಷ ಅಂದ್ರೆ ಬರೀ ತಮಾಷೆ ಅಲ್ಲ ಅನ್ನೋದು ಗೊತ್ತಿತ್ತು. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಆ ಗ್ಯಾರೇಜು. ಅದು ಕಟ್ಟುಕತೆ ಅಲ್ಲ. 1929ರ ಫೆಬ್ರವರಿ 14, ಪ್ರೇಮಿಗಳ ದಿನ. ಶಿಕಾಗೋದ ನಾರ್ತ್ ಕ್ಲಾರ್ಕ್ ಸ್ಟ್ರೀಟಿನ ಒಂದು ಗ್ಯಾರೇಜಿನಲ್ಲಿ ಏಳು ಜನರ ಕೊಲೆಯಾಯ್ತು. ಸತ್ತವರು ಬಗ್ಸ್ ಮೊರಾನ್ ಅನ್ನೋ ಗ್ಯಾಂಗ್‌ಸ್ಟರ್ ಕಡೆಯವರು, ಅಥವಾ ಅವರ ಜೊತೆ ಅಲ್ಲಿ ಸಿಕ್ಕಿಬಿದ್ದವರು. ಅನುಮಾನ ಹೋಗಿದ್ದು ಅಲ್ ಕಪೋನ್ ಮೇಲೆ. ಕಪೋನ್ ಆವಾಗ ಎಲ್ಲಿದ್ದ? ಫ್ಲೋರಿಡಾದ ಮಯಾಮಿಯಲ್ಲಿ. ಈ ಕೊಲೆಗಳಿಗೆ ಇವತ್ತಿನವರೆಗೆ ಯಾರಿಗೂ ಶಿಕ್ಷೆ ಆಗಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಬಂದ ಕೊಲೆಗಾರರಲ್ಲಿ ಇಬ್ಬರು ಪೊಲೀಸ್ ಸಮವಸ್ತ್ರದಲ್ಲಿದ್ದರು. ಅದಕ್ಕೇ ಆ ಏಳು ಜನ ಇದೇನೋ ಮಾಮೂಲಿ ರೇಡ್ ಅಂದುಕೊಂಡು ಸುಮ್ಮನೆ ಗೋಡೆ ಕಡೆ ತಿರುಗಿ ನಿಂತರು ಅಂತ ನಂಬಲಾಗಿದೆ. ಅಂದ್ರೆ ನಿಜವಾದ ಘಟನೆಯಲ್ಲೂ ವೇಷ ಇತ್ತು. ಆದ್ರೆ ಅಲ್ಲಿ ವೇಷ ಹಾಕಿದ್ದು ಕೊಲ್ಲೋಕೆ ಬಂದವರು. ಸಿನಿಮಾದಲ್ಲಿ ವೇಷ ಹಾಕೋದು ಬದುಕೋಕೆ ಓಡುವವರು.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ನಿಷೇಧ ಅಂದಮೇಲೆ ಕದ್ದುಮುಚ್ಚಿ ಮಾರಾಟ, ಆ ಮಾರಾಟಕ್ಕೆ ಗ್ಯಾಂಗುಗಳು, ಗ್ಯಾಂಗುಗಳ ನಡುವೆ ಯುದ್ಧ. ಇಡೀ ದೇಶವೇ ಒಂಥರಾ ವೇಷ ಹಾಕಿಕೊಂಡಿತ್ತು ಅನ್ನಿ. ಸಿನಿಮಾ ಅದನ್ನು ಎಷ್ಟು ಚೆನ್ನಾಗಿ ತೋರಿಸುತ್ತೆ ನೋಡಿ. ಶವಪೆಟ್ಟಿಗೆ ಒಳಗೆ ಹೆಣ ಇಲ್ಲ, ವಿಸ್ಕಿ ಬಾಟಲಿ ಇದೆ. ಹೊರಗಡೆಯಿಂದ ಶವಸಂಸ್ಕಾರದ ಮನೆ, ಒಳಗೆ ಬಾರು ಮತ್ತು ಡ್ಯಾನ್ಸು. ಮುಂದೆ ಗ್ಯಾಂಗ್‌ಸ್ಟರ್‌ಗಳೆಲ್ಲ ಫ್ಲೋರಿಡಾದ ಹೋಟೆಲಿನಲ್ಲಿ ಸಭೆ ಸೇರ್ತಾರೆ, ಬ್ಯಾನರ್ ಮಾತ್ರ ಇಟಾಲಿಯನ್ ಒಪೆರಾ ಗೆಳೆಯರ ಸಂಘದ್ದು. ಮನ್ರೋ ಮಾಡಿದ ಪಾತ್ರದ ಹೆಸರು ಶುಗರ್ ಕೇನ್, ಅದೂ ಸ್ಟೇಜಿಗಾಗಿ ಇಟ್ಟುಕೊಂಡದ್ದು, ನಿಜವಾದ ಅಡ್ಡಹೆಸರು ಪೋಲಿಷ್ ಮೂಲದ ಕೊವಾಲ್‌ಚಿಕ್. ಇಂಥ ಲೋಕದಲ್ಲಿ ಇಬ್ಬರು ಗಂಡಸರು ಸ್ಕರ್ಟ್ ಹಾಕಿದ್ದು ಒಂದು ದೊಡ್ಡ ಮೋಸವೇ ಅಲ್ಲ.

ಇನ್ನು ಆ ಇಬ್ಬರ ಬಡತನ. ಶಿಕಾಗೋದ ಚಳಿಗಾಲದಲ್ಲಿ ಮೈಮೇಲಿನ ಕೋಟನ್ನೂ ನಾಯಿ ರೇಸಿನ ಬೆಟ್ಟಿಂಗಿನಲ್ಲಿ ಕಳೆದುಕೊಂಡು ನಡುಗ್ತಾ ಕೆಲಸ ಹುಡುಕ್ತಾರೆ. ಇದೂ ಕಾಲದ ಚಿತ್ರವೇ. 1927ರಲ್ಲಿ ‘ದಿ ಜ್ಯಾಝ್ ಸಿಂಗರ್’ ಬಂದ ಮೇಲೆ ಸಿನಿಮಾಗಳು ಮಾತಾಡೋಕೆ ಶುರು ಮಾಡಿದವು. ಅಲ್ಲಿಯವರೆಗೆ ಮೂಕಿಚಿತ್ರಗಳಿಗೆ ಥಿಯೇಟರಿನಲ್ಲೇ ಕೂತು ವಾದ್ಯ ನುಡಿಸುತ್ತಿದ್ದ ಸಾವಿರಾರು ಜನರ ಅನ್ನಕ್ಕೆ ಕಲ್ಲು ಬಿತ್ತು. ಹೊಸ ತಂತ್ರಜ್ಞಾನ ಬಂದು ಕೆಲಸ ಹೋಗೋದು ಅಂದ್ರೇನು ಅಂತ ಈ ಮಾತು ಕೇಳ್ತಿರೋ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಿನಿಮಾದಲ್ಲಿ ಒಂದು ಸಣ್ಣ ತಮಾಷೆ ಬರುತ್ತೆ. ಜೆರ್ರಿ ಕೆಟ್ಟದ್ದು ಏನಾದ್ರೂ ಆದ್ರೆ ಅಂತ ಚಿಂತೆ ಮಾಡಿದಾಗ ಜೋ ರೇಗಿಸ್ತಾನೆ: ಆಗದೇ ಇರೋ ಸಂಗತಿಗಳ ಪಟ್ಟಿ ಕೊಡ್ತಾನೆ. ಷೇರು ಮಾರುಕಟ್ಟೆ ಕುಸಿದ್ರೆ, ಮೇರಿ ಪಿಕ್‌ಫೋರ್ಡ್ ತನ್ನ ಗಂಡ ಡಗ್ಲಸ್ ಫೇರ್‌ಬ್ಯಾಂಕ್ಸ್‌ಗೆ ಡೈವೋರ್ಸ್ ಕೊಟ್ರೆ, ಡಾಡ್ಜರ್ಸ್ ಬೇಸ್‌ಬಾಲ್ ತಂಡ ಬ್ರೂಕ್ಲಿನ್ ಬಿಟ್ಟುಹೋದ್ರೆ! 1959ರಲ್ಲಿ ಥಿಯೇಟರಿನಲ್ಲಿ ಕೂತವರಿಗೆ ಗೊತ್ತಿತ್ತು, ಇದೆಲ್ಲ ಆಗಿಹೋಗಿದೆ. ಮಾರುಕಟ್ಟೆ ಅದೇ 1929ರ ಅಕ್ಟೋಬರಿನಲ್ಲಿ ಕುಸಿಯಿತು. ಡೈವೋರ್ಸ್ 1936ರಲ್ಲಿ ಆಯ್ತು. ಡಾಡ್ಜರ್ಸ್ 1957ರ ಸೀಸನ್ ಮುಗಿಸಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿದರು. ನಗ್ತಾ ನಗ್ತಾ ಸಿನಿಮಾ ಹೇಳ್ತಿದೆ: ಗಟ್ಟಿ ಅಂದುಕೊಂಡದ್ದು ಯಾವುದೂ ಗಟ್ಟಿ ಅಲ್ಲ.

ಈ ಕತೆ ಹಾಲಿವುಡ್ಡಿನ ಸ್ವಂತದ್ದೂ ಅಲ್ಲ. 1935ರಲ್ಲಿ ಫ್ರಾನ್ಸಿನಲ್ಲಿ ‘ಫಾನ್‌ಫಾರ್ ದಾಮೂರ್’ ಅನ್ನೋ ಸಿನಿಮಾ ಬಂತು. ಅದರ ಕತೆ ಬರೆದವರಲ್ಲಿ ಒಬ್ಬ ರಾಬರ್ಟ್ ಟೋರೆನ್, ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟುಬಂದ ನಟ. ಅದನ್ನೇ 1951ರಲ್ಲಿ ಜರ್ಮನರು ‘ಫಾನ್‌ಫಾರೆನ್ ಡೆರ್ ಲೀಬೆ’ ಅಂತ ಮತ್ತೆ ತೆಗೆದರು. ಈ ಹಳೆ ಕತೆಯಲ್ಲಿ ಇಬ್ಬರು ವಾದ್ಯಗಾರರು ಹೊಟ್ಟೆಪಾಡಿಗಾಗಿ ಬೇರೆ ಬೇರೆ ವೇಷ ಹಾಕ್ತಾರೆ, ಹೆಣ್ಣುವೇಷ ಅದರಲ್ಲೊಂದು. ವೈಲ್ಡರ್ ಸಿನಿಮಾದಲ್ಲೂ ಅದರ ಒಂದು ಎಳೆ ಉಳಿದಿದೆ. ಹಿಂದೆ ಹೊಟ್ಟೆಗಾಗಿ ಜಿಪ್ಸಿಗಳ ಥರ ಕಿವಿಗೆ ರಿಂಗ್ ಹಾಕಿದ್ವಿ, ಹವಾಯಿ ಬ್ಯಾಂಡಿಗಾಗಿ ಹುಲ್ಲಿನ ಲಂಗ ಕಟ್ಟಿದ್ವಿ, ಇದೇನು ಮಹಾ ಅಂತ ಜೆರ್ರಿ ವಾದ ಮಾಡ್ತಾನೆ. ಜೋ ಒಪ್ಪಲ್ಲ.

ವೈಲ್ಡರ್ ಮತ್ತು ಜೊತೆ ಬರಹಗಾರ ಐ.ಎ.ಎಲ್. ಡೈಮಂಡ್ ತಲೆ ಕೆಡಿಸಿಕೊಂಡಿದ್ದು ಇದೇ ಜಾಗದಲ್ಲಿ. ಹಸಿವಿಗಾಗಿ ಹಾಕಿದ ವೇಷವನ್ನು ಯಾವಾಗ ಬೇಕಾದ್ರೂ ಕಳಚಬಹುದು. ಸ್ವಲ್ಪ ಕಷ್ಟ ಆಯ್ತಾ, ವಿಗ್ ತೆಗೆದು ಮನೆಗೆ ಹೋದ್ರಾಯ್ತು. ಕಳಚೋಕೇ ಆಗದಂಥ ಕಾರಣ ಬೇಕು. ಅದಕ್ಕೇ ಅವರು ಕತೆಯನ್ನು 1929ಕ್ಕೆ ಒಯ್ದು ಆ ಗ್ಯಾರೇಜಿನ ಎದುರು ನಿಲ್ಲಿಸಿದರು. ಕೆಲಸಕ್ಕಾಗಿ ಸ್ಕರ್ಟ್ ಹಾಕಲ್ಲ ಅಂದಿದ್ದ ಜೋ, ಕೊಲೆ ನೋಡಿ ಓಡಿದ ತಕ್ಷಣ ಅದೇ ಏಜೆಂಟನಿಗೆ ಹೆಣ್ಣು ದನಿಯಲ್ಲಿ ಫೋನ್ ಮಾಡ್ತಾನೆ. ಹಸಿವು ಮಾಡಿಸದ್ದನ್ನು ಭಯ ಮಾಡಿಸಿತು.

ಇದು ನಮಗೆ ಹೊಸದೇನಲ್ಲ. ಅಜ್ಞಾತವಾಸ ನೆನಪು ಮಾಡಿಕೊಳ್ಳಿ. ವಿರಾಟನ ಆಸ್ಥಾನದಲ್ಲಿ ಅರ್ಜುನ ಬೃಹನ್ನಳೆಯಾಗಿ ಹಾಡು, ಕುಣಿತ ಕಲಿಸ್ತಾನೆ. ಭೀಮ ಅಡುಗೆಮನೆಯಲ್ಲಿ ವಲಲ. ಆ ಪ್ರಸಂಗಕ್ಕೆ ಬಿಗಿ ಬರೋದು ವೇಷದಿಂದಲ್ಲ, ಷರತ್ತಿನಿಂದ. ಗುರುತು ಸಿಕ್ಕಿತೋ, ಮತ್ತೆ ಹನ್ನೆರಡು ವರ್ಷ ಕಾಡು. ಆ ಷರತ್ತು ತೆಗೆದುಬಿಡಿ, ಬೃಹನ್ನಳೆ ಬರೀ ಡ್ಯಾನ್ಸ್ ಮೇಷ್ಟ್ರು.

ಈಗ ವೈಲ್ಡರ್ ಯಾರು ಅಂತ ನೋಡೋಣ. 1906ರಲ್ಲಿ ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ, ಈಗಿನ ಪೋಲೆಂಡಿನ ಒಂದು ಸಣ್ಣ ಊರಲ್ಲಿ ಹುಟ್ಟಿದ ಯಹೂದಿ. ವಿಯೆನ್ನಾದಲ್ಲಿ ಪತ್ರಕರ್ತನಾಗಿದ್ದ. 1926ರಲ್ಲಿ ಅಮೆರಿಕದ ಜ್ಯಾಝ್ ಬ್ಯಾಂಡಿನ ನಾಯಕ ಪಾಲ್ ವೈಟ್‌ಮನ್ ವಿಯೆನ್ನಾಕ್ಕೆ ಬಂದಾಗ ಸಂದರ್ಶನ ಮಾಡಿ, ಆ ಬ್ಯಾಂಡಿನ ಜೊತೆಗೇ ಬರ್ಲಿನ್ನಿಗೆ ಹೋಗಿ ಅಲ್ಲೇ ಉಳಿದುಬಿಟ್ಟ. ಅಲ್ಲಿ ದುಡ್ಡಿಲ್ಲದಾಗ ದೊಡ್ಡ ಹೋಟೆಲಿನಲ್ಲಿ ಬಾಡಿಗೆ ಡ್ಯಾನ್ಸರ್ ಆಗಿ ಕೆಲಸ ಮಾಡಿದ. ಅಂದ್ರೆ ಜೊತೆಗಾರ ಇಲ್ಲದ ಹೆಂಗಸರ ಜೊತೆ ದುಡ್ಡು ತಗೊಂಡು ಕುಣಿಯೋದು. ಆ ಅನುಭವವನ್ನೇ 1927ರಲ್ಲಿ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಬರೆದ. ಬಾಡಿಗೆ ನಗು ಹಾಕಿಕೊಂಡು ರಾತ್ರಿ ಕಳೆಯೋದು ಹೇಗಿರುತ್ತೆ ಅಂತ ಈತನಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

1933ರಲ್ಲಿ ಬರ್ಲಿನ್ನಿನ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮೇಲೆ ವೈಲ್ಡರ್ ಪ್ಯಾರಿಸ್ಸಿಗೆ ಓಡಿದ. 1934ರಲ್ಲಿ ಅಮೆರಿಕ. ಅಲ್ಲಿ ವೀಸಾ ಕತೆ ಇದೆ, ಕೇಳಿ. ಸಂದರ್ಶಕರ ವೀಸಾ ಮುಗಿದಾಗ ಕಾಯಂ ವೀಸಾಕ್ಕಾಗಿ ಗಡಿ ದಾಟಿ ಮೆಕ್ಸಿಕೋದ ಮೆಕ್ಸಿಕಾಲಿಗೆ ಹೋಗಬೇಕಾಯ್ತು. ಬೇಕಾದ ಕಾಗದಪತ್ರಗಳು ಕೈಯಲ್ಲಿಲ್ಲ. ಏನು ಕೆಲಸ ಮಾಡ್ತೀಯ ಅಂತ ಕಾನ್ಸಲ್ ಕೇಳಿದ. ಸಿನಿಮಾ ಬರೀತೀನಿ ಅಂದ. ಆ ಅಧಿಕಾರಿ ಸುಮ್ಮನೆ ಅತ್ತಿತ್ತ ಓಡಾಡಿ, ಸೀಲ್ ಒತ್ತಿ, ಒಳ್ಳೆಯದನ್ನು ಬರಿ ಅಂತ ಹೇಳಿ ಕಳಿಸಿದನಂತೆ. 1988ರ ಆಸ್ಕರ್ ಸಮಾರಂಭದಲ್ಲಿ ಥಾಲ್‌ಬರ್ಗ್ ಪ್ರಶಸ್ತಿ ತಗೊಂಡಾಗ ವೈಲ್ಡರ್ ಆ ಹೆಸರು ಗೊತ್ತಿಲ್ಲದ ಅಧಿಕಾರಿಗೆ ಧನ್ಯವಾದ ಹೇಳಿದ. ಐವತ್ತು ವರ್ಷ ದಾಟಿದ್ರೂ ಆ ಸೀಲಿನ ಸದ್ದು ಮರೆತಿರಲಿಲ್ಲ.

ಮರೆಯೋದಾದ್ರೂ ಹೇಗೆ? ಸೀಲ್ ಬೀಳದೇ ಇದ್ದಿದ್ರೆ ಏನಾಗ್ತಿತ್ತು ಅನ್ನೋದು ಅವನ ಮನೆಯಲ್ಲೇ ಆಗಿತ್ತು. ಅಮ್ಮ, ಅಜ್ಜಿ, ಮಲತಂದೆ ಮೂವರೂ ನಾತ್ಸಿಗಳ ನರಮೇಧದಲ್ಲಿ ಸತ್ತರು. ಯುದ್ಧ ಮುಗಿದಾಗ ಅಮೆರಿಕದ ಸೇನೆಗಾಗಿ ಯಾತನಾ ಶಿಬಿರಗಳ ಸಾಕ್ಷ್ಯಚಿತ್ರ ‘ಡೆತ್ ಮಿಲ್ಸ್’ ಕೆಲಸ ಮಾಡಿದವನೂ ಇದೇ ವೈಲ್ಡರ್. ಡೈಮಂಡ್ ಕೂಡ ಆಗ ರೊಮೇನಿಯಾದಲ್ಲಿದ್ದ ಪ್ರದೇಶದಲ್ಲಿ ಹುಟ್ಟಿ ಚಿಕ್ಕಂದಿನಲ್ಲಿ ಬ್ರೂಕ್ಲಿನ್ನಿಗೆ ಬಂದವನು, ಹುಟ್ಟುಹೆಸರು ಬೇರೆ. ಟೋನಿ ಕರ್ಟಿಸ್ ಹಂಗೇರಿಯಿಂದ ಬಂದ ಯಹೂದಿ ದಂಪತಿಯ ಮಗ, ಹುಟ್ಟುಹೆಸರು ಬರ್ನಾರ್ಡ್ ಶ್ವಾರ್ಟ್ಸ್. ಮನ್ರೋ ಹುಟ್ಟಿದ್ದು ನಾರ್ಮಾ ಜೀನ್ ಆಗಿ. ಇವರೆಲ್ಲ ಹೆಸರು, ಭಾಷೆ, ಊರು ಬದಲಾಯಿಸಿಕೊಂಡು ಬದುಕಿದವರು. ನಮ್ಮಲ್ಲೂ ಆಫೀಸಿನ ಕಾಲ್‌ಗಳಲ್ಲಿ ಹೆಸರು ಮೊಟಕಾಗುತ್ತೆ, ಉಚ್ಚಾರ ಬದಲಾಗುತ್ತೆ. ಆದ್ರೆ ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ. ನಮಗೆ ವೇಷ ಕಳಚಿದ್ರೆ ಮುಜುಗರ. ಅವರ ಮನೆಯವರಿಗೆ ಗುರುತು ಸಿಕ್ಕಿದ್ದೇ ಸಾವು.

ಸಿನಿಮಾ ಮಾಡಿದ ರೀತಿಗೆ ಬರೋಣ. ಚಿತ್ರೀಕರಣ ನಡೆದಿದ್ದು 1958ರಲ್ಲಿ. ಕತೆಯ ಫ್ಲೋರಿಡಾ ಹೋಟೆಲ್ ನಿಜದಲ್ಲಿ ಕ್ಯಾಲಿಫೋರ್ನಿಯಾದ, 1888ರಲ್ಲಿ ಶುರುವಾದ ಹೋಟೆಲ್ ಡೆಲ್ ಕೊರೊನಾಡೊ. ಹೋಟೆಲಿಗೂ ವೇಷ! ಆ ಕಾಲಕ್ಕೆ ಕಲರ್ ಬಂದಾಗಿತ್ತು, ಮನ್ರೋಗೂ ಕಲರೇ ಬೇಕಿತ್ತು. ಆದ್ರೆ ಪರೀಕ್ಷೆಗೆ ತೆಗೆದು ನೋಡಿದಾಗ ದಪ್ಪ ಮೇಕಪ್ಪಿನ ಕೆಳಗೆ ಗಂಡಸರ ಮುಖ ಹಸಿರು ಹಸಿರಾಗಿ ಕಂಡಿತು. ಹಾಗಾಗಿ ಕಪ್ಪು-ಬಿಳುಪು. ಬಟ್ಟೆ ವಿನ್ಯಾಸ ಮಾಡಿದ ಓರಿ-ಕೆಲ್ಲಿಗೆ ಆಸ್ಕರ್ ಬಂತು. ಆರು ನಾಮನಿರ್ದೇಶನದಲ್ಲಿ ಸಿಕ್ಕಿದ್ದು ಅದೊಂದೇ, ಆ ವರ್ಷ ‘ಬೆನ್-ಹರ್’ ಹನ್ನೊಂದು ಆಸ್ಕರ್ ಬಾಚಿಕೊಂಡು ಹೋಗಿತ್ತು.

ಹೆಂಗಸರ ನಡಿಗೆ ಕಲಿಸೋಕೆ ಬಾರ್ಬೆಟ್ ಅನ್ನೋ ಕಲಾವಿದನನ್ನು ಕರೆಸಿದರು. ಈತ ಟೆಕ್ಸಾಸಿನವನು. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹೆಣ್ಣುವೇಷದಲ್ಲಿ ಉಯ್ಯಾಲೆ ಸರ್ಕಸ್ ಮಾಡಿ ಹೆಸರು ಮಾಡಿದ್ದ. ಆಟದ ಕೊನೆಯಲ್ಲಿ ಥಟ್ಟನೆ ವಿಗ್ ಕಿತ್ತು ನಾನು ಗಂಡಸು ಅಂತ ತೋರಿಸೋದು ಅವನ ಪ್ರಸಿದ್ಧ ಮುಗಿತಾಯ. ಕರ್ಟಿಸ್ ಅವನಿಂದ ಶ್ರದ್ಧೆಯಿಂದ ಕಲಿತ. ಲೆಮನ್ ಮಾತ್ರ ಪೂರ್ತಿ ಸರಿಯಾಗಿ ನಡೆಯೋದು ಬೇಡ ಅಂದ. ತಡವರಿಸಿಕೊಂಡು, ಕಷ್ಟಪಟ್ಟು ನಡೆದ್ರೇನೇ ನಗು ಅನ್ನೋದು ಅವನ ಲೆಕ್ಕ.

ಆ ಲೆಕ್ಕದಲ್ಲಿ ಒಂದು ದೊಡ್ಡ ವ್ಯತ್ಯಾಸ ಅಡಗಿದೆ. ಪುಣೆಯಲ್ಲಿರೋರು ಬಾಲಗಂಧರ್ವ ರಂಗಮಂದಿರದ ಮುಂದೆ ದಿನಾ ಓಡಾಡ್ತೀರಿ. 1888ರಿಂದ 1967ರವರೆಗೆ ಬದುಕಿದ್ದ ಬಾಲಗಂಧರ್ವ ಸ್ತ್ರೀಪಾತ್ರದಿಂದಲೇ ಮರಾಠಿ ರಂಗಭೂಮಿಯ ಮನೆಮಾತಾದವರು. ನಮ್ಮ ಯಕ್ಷಗಾನದ ಸ್ತ್ರೀವೇಷವೂ ಹಾಗೇ. ಅಲ್ಲಿ ಪಾತ್ರ ಹೆಣ್ಣೇ. ಒಳಗೆ ಗಂಡಸಿದ್ದಾನೆ ಅಂತ ನಮಗೆ ಗೊತ್ತಿದ್ರೂ ನಾವು ಮರೀತೀವಿ, ಮರೆಸೋದೇ ಕಲಾವಿದನ ಹೆಚ್ಚುಗಾರಿಕೆ. ಈ ಸಿನಿಮಾದಲ್ಲಿ ಉಲ್ಟಾ. ನಾವು ಒಂದು ಕ್ಷಣವೂ ಮರೆಯೋ ಹಾಗಿಲ್ಲ. ನಮಗೆ ಗೊತ್ತು, ಪಕ್ಕದಲ್ಲಿರೋರಿಗೆ ಗೊತ್ತಿಲ್ಲ, ಗೊತ್ತಾದ್ರೆ ಮುಗೀತು. ನಗು ಇರೋದು ಆ ಬಿರುಕಿನಲ್ಲಿ.

ವೇಷ ಇವರಿಗೆ ಪಾಠವನ್ನೂ ಕಲಿಸುತ್ತೆ. ಹೋಟೆಲಿನ ಲಿಫ್ಟಿನಲ್ಲಿ ಜೆರ್ರಿಯನ್ನು ಒಬ್ಬ ಮುದುಕ ಚಿವುಟ್ತಾನೆ. ಹೆಣ್ಣಾಗಿ ಓಡಾಡೋದು ಅಂದ್ರೇನು ಅಂತ ಆವಾಗ ಅವನಿಗೆ ಅರ್ಥ ಆಗುತ್ತೆ. ಸ್ಯಾಕ್ಸೋಫೋನ್ ನುಡಿಸೋ ಗಂಡಸರು ತನಗೆ ಹೇಗೆಲ್ಲ ಮೋಸ ಮಾಡಿದರು ಅಂತ ಶುಗರ್ ಗೆಳತಿ ಜೋಸೆಫಿನ್ ಹತ್ತಿರ ಹೇಳಿಕೊಳ್ತಾಳೆ. ಕೇಳ್ತಿರೋನು ಅಂಥದ್ದೇ ಒಬ್ಬ ಸ್ಯಾಕ್ಸೋಫೋನ್ ವಾದಕ. ಆದ್ರೂ ಜೋ ಇನ್ನೊಂದು ವೇಷ ಹಾಕಿ, ಶ್ರೀಮಂತನ ಮಗನಾಗಿ ಅದೇ ಹುಡುಗಿಗೆ ಮತ್ತೆ ಮೋಸ ಮಾಡ್ತಾನೆ. ಸಿನಿಮಾ ಅದನ್ನು ಸುಲಭವಾಗಿ ಕ್ಷಮಿಸಿಬಿಡುತ್ತೆ. ಇವತ್ತು ನೋಡುವಾಗ ನನಗೆ ಮುಳ್ಳಿನಂತೆ ಚುಚ್ಚೋದು ಅದೊಂದೇ ಜಾಗ.

ನಿಜ ಜೀವನದಲ್ಲಿ ವೇಷ ಹಾಕಿದ ವಾದ್ಯಗಾರರಿಗೆ ಇಷ್ಟು ಸುಲಭದ ಕ್ಷಮೆ ಇರಲಿಲ್ಲ. 1930ರ ದಶಕದ ಕೊನೆಯಲ್ಲಿ ಮಿಸಿಸಿಪ್ಪಿಯಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್ ಹೆಂಗಸರದ್ದೇ ಜ್ಯಾಝ್ ಬ್ಯಾಂಡ್. ಹೆಚ್ಚಿನವರು ಕರಿಯರು, ಆಮೇಲೆ ಕೆಲವು ಬಿಳಿಯರೂ ಸೇರಿದರು. ಬಿಳಿಯರು ಕರಿಯರು ಜೊತೆಗೆ ಓಡಾಡೋದು, ಊಟ ಮಾಡೋದು ದಕ್ಷಿಣದ ರಾಜ್ಯಗಳಲ್ಲಿ ಅಪರಾಧ. ಹಾಗಾಗಿ ಆ ಬಿಳಿ ಹುಡುಗಿಯರು ಪೊಲೀಸರ ಕಣ್ಣು ತಪ್ಪಿಸೋಕೆ ಮುಖಕ್ಕೆ ಕಪ್ಪು ಮೇಕಪ್ ಬಳಿದುಕೊಳ್ತಿದ್ದರು. ಇನ್ನೊಬ್ಬರು ಬಿಲ್ಲಿ ಟಿಪ್ಟನ್, 1914ರಲ್ಲಿ ಹುಟ್ಟಿದ ಪಿಯಾನೋ ವಾದಕ. ಹೆಣ್ಣಾಗಿ ಹುಟ್ಟಿ 1930ರ ದಶಕದಿಂದ ಗಂಡಸಾಗಿ ಬ್ಯಾಂಡುಗಳಲ್ಲಿ ನುಡಿಸಿ, ಗಂಡಸಾಗೇ ಸಂಸಾರ ಮಾಡಿದವರು. ಜಗತ್ತಿಗೆ ಗೊತ್ತಾಗಿದ್ದು 1989ರಲ್ಲಿ ಅವರು ಸತ್ತ ಮೇಲೆ. ಅದನ್ನು ವೇಷ ಅನ್ನಬೇಕೋ, ಅದೇ ಅವರ ನಿಜ ಅನ್ನಬೇಕೋ? ಐವತ್ತು ವರ್ಷಕ್ಕೂ ಹೆಚ್ಚು ಬಾಳಿದ್ದನ್ನು ವೇಷ ಅನ್ನೋಕೆ ನನಗೆ ಬಾಯಿ ಬರಲ್ಲ.

ಈಗ ಕೊನೆಯ ದೃಶ್ಯ. ಡಾಫ್ನಿ ಮೇಲೆ ಆಸ್ಗುಡ್ ಅನ್ನೋ ಮುದುಕ ಕೋಟ್ಯಧಿಪತಿಗೆ ಮನಸ್ಸಾಗಿದೆ. ರಾತ್ರಿಯಿಡೀ ಟ್ಯಾಂಗೋ ಕುಣಿದು ಬಂದ ಜೆರ್ರಿ ನಿಶ್ಚಿತಾರ್ಥ ಆಯ್ತು ಅಂತ ಖುಷಿಯಿಂದ ಹೇಳ್ತಾನೆ. ಆ ದೃಶ್ಯದಲ್ಲಿ ಜನರ ನಗುವಿಗೆ ಜಾಗ ಬಿಡೋಕೆ ಅಂತಲೇ ವೈಲ್ಡರ್ ಅವನ ಕೈಗೆ ಗಿಲಕಿಯಂಥ ಮರಾಕಾ ಕೊಟ್ಟು, ಪ್ರತಿ ಮಾತಿನ ನಡುವೆ ಅಲ್ಲಾಡಿಸೋಕೆ ಹೇಳಿದ್ದ. ಕೊನೆಗೆ ಗ್ಯಾಂಗ್‌ಸ್ಟರ್‌ಗಳಿಂದ ತಪ್ಪಿಸಿಕೊಂಡು ದೋಣಿಯಲ್ಲಿ ಹೋಗುವಾಗ ಜೆರ್ರಿ ಮದುವೆ ಬೇಡ ಅನ್ನೋಕೆ ಒಂದರ ಮೇಲೊಂದು ನೆಪ ಹೇಳ್ತಾನೆ. ಆಸ್ಗುಡ್ ಎಲ್ಲದಕ್ಕೂ ಪರವಾಗಿಲ್ಲ ಅಂತಾನೆ. ತಡೆಯಲಾರದೆ ವಿಗ್ ಕಿತ್ತು ನಾನು ಗಂಡಸು ಕಣಯ್ಯ ಅಂತಾನೆ. ಬಾರ್ಬೆಟ್‌ನ ಅದೇ ಮುಗಿತಾಯ! ಆಸ್ಗುಡ್ ಮುಖದ ನಗು ಸ್ವಲ್ಪವೂ ಮಾಸಲ್ಲ. ಮನುಷ್ಯ ಅಂದಮೇಲೆ ಏನಾದ್ರೂ ಕೊರತೆ ಇದ್ದದ್ದೇ ಅನ್ನೋ ಅರ್ಥದ ಒಂದು ಮಾತು ಹೇಳಿ ದೋಣಿ ಓಡಿಸ್ತಾನೆ. ಡೈಮಂಡ್ ಕೊಟ್ಟ ಆ ಮಾತನ್ನು ಸದ್ಯಕ್ಕೆ ಇರಲಿ, ಇದಕ್ಕಿಂತ ಒಳ್ಳೆಯದು ಹೊಳೆದ್ರೆ ಬದಲಾಯಿಸೋಣ ಅಂತ ಇಟ್ಟಿದ್ದರು. ಹೊಳೆಯಲೇ ಇಲ್ಲ. 2002ರಲ್ಲಿ ತೀರಿಕೊಂಡ ವೈಲ್ಡರ್‌ನ ಸಮಾಧಿಯ ಮೇಲೂ ಈಗ ಅದೇ ಮಾತಿನ ಛಾಯೆ ಇದೆ.

ಇದನ್ನು ನಮ್ಮ ಕೀಚಕವಧೆಯ ಪಕ್ಕ ಇಟ್ಟು ನೋಡಿ. ಯಕ್ಷಗಾನದಲ್ಲಿ ಭೀಮ ಹೆಣ್ಣುವೇಷದಲ್ಲಿ ಕಾದು ಕೂತಿರ್ತಾನೆ, ಸೈರಂಧ್ರಿ ಅಂದುಕೊಂಡು ಕೀಚಕ ಬರ್ತಾನೆ. ವೇಷ ಬಯಲಾದ ಗಳಿಗೆಯೇ ಸಾವಿನ ಗಳಿಗೆ. ಸಾಮಾನ್ಯವಾಗಿ ವೇಷದ ಕತೆಗಳೆಲ್ಲ ಹೀಗೇ: ಬಯಲಾದ ತಕ್ಷಣ ಪೆಟ್ಟು, ಅವಮಾನ ಅಥವಾ ಕೊಲೆ. ವೈಲ್ಡರ್ ಎರಡು ಗಂಟೆ ಕಾಲ ನಮ್ಮನ್ನು ಅದೇ ಭಯದಲ್ಲಿ ಕೂರಿಸಿ, ಕೊನೆಯ ನಿಮಿಷದಲ್ಲಿ ಬಯಲಾದ್ರೂ ಏನೂ ಆಗದ ಒಂದು ದೋಣಿ ತೋರಿಸ್ತಾನೆ. ಗುರುತು ಸಿಕ್ಕಿದ್ದಕ್ಕೇ ತಾಯಿಯನ್ನು ಕಳೆದುಕೊಂಡವನು ಬರೆಸಿದ ಮುಗಿತಾಯ ಇದು ಅಂತ ಗೊತ್ತಾದ ಮೇಲೆ, ಆ ಜೋಕಿಗೆ ನಾನು ಮೊದಲಿನ ಹಾಗೇ ನಗ್ತೀನಿ, ಆದ್ರೆ ನಕ್ಕು ಸ್ವಲ್ಪ ಹೊತ್ತು ಸುಮ್ಮನಾಗ್ತೀನಿ.

ನಮ್ಮ ದೇಶಕ್ಕೂ ಈ ಕತೆ ಬಂತು. 1975ರಲ್ಲಿ ಮುಂಬೈಯಲ್ಲಿ ನರೇಂದ್ರ ಬೇಡಿ ‘ರಫೂ ಚಕ್ಕರ್’ ಮಾಡಿದರು. ರಿಷಿ ಕಪೂರ್, ಪೇಂಟಲ್ ಹೆಣ್ಣುವೇಷದಲ್ಲಿ, ಜೊತೆಗೆ ನೀತು ಸಿಂಗ್. ಅದನ್ನು ನೋಡಿರೋರು ಮೂಲವನ್ನೂ ನೋಡಿ. ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿ 1989ರಲ್ಲಿ ಕಾಪಾಡಲೇಬೇಕು ಅಂತ ಆರಿಸಿದ ಮೊದಲ 25 ಸಿನಿಮಾಗಳಲ್ಲಿ ಇದೂ ಒಂದು. ಕಪ್ಪು-ಬಿಳುಪು, ಹಳೇದು ಅಂತ ದೂರ ಇಡಬೇಡಿ. ವಾರಾಂತ್ಯದಲ್ಲಿ ಮನೆಮಂದಿ ಜೊತೆ ಕೂತು ನೋಡಿ. ನಗು ಬಂದಾಗ ನಗಿ. ಆ ಗ್ಯಾರೇಜಿನ ದೃಶ್ಯ ಬಂದಾಗ ಮಾತ್ರ ಒಂದು ಕ್ಷಣ, ಇದನ್ನು ಮಾಡಿದವರು ಎಲ್ಲಿಂದ ಓಡಿಬಂದವರು ಅಂತ ನೆನಪು ಮಾಡಿಕೊಳ್ಳಿ.